ಅವ್ವನ ಕೋಣೆಯ ಬಾಗಿಲು

ಇಂದಿನ ಧಮ್ಮ ಚಿಂತನೆ



ಈ ದಿನದ ಚಿಂತನೆ ಬರೆಯುವ ಸರದಿ ನನ್ನದು. ಮಜ್ಝಿಮ ನಿಕಾಯದ ಉಪಾಲಿ ಸುತ್ತದ ಬಗ್ಗೆ ಬರೆಯಬೇಕೆಂದು ಎರಡು ದಿನ ಟಿಪ್ಪಣಿ ಮಾಡಿಕೊಂಡೆ. ಬರೆಯಲು ಕೂತರೆ ಪ್ರತಿ ಸಲವೂ ನಮ್ಮ ಮನೆಯ ಒಂದು ಬಾಗಿಲೇ ಕಣ್ಮುಂದೆ ಬರುತ್ತಿತ್ತು. ಆದ್ದರಿಂದ ಮೊದಲು ಬಾಗಿಲಿನ ಕತೆ ಹೇಳಿ, ಆಮೇಲೆ ಸುತ್ತಕ್ಕೆ ಬರುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಮೇಷ್ಟರ ಅಭ್ಯಾಸ, ಸಹಿಸಿಕೊಳ್ಳಿ.

ನಾವಿರುವುದು ಹನುಮಂತನಗರದಲ್ಲಿ, ರಾಮಾಂಜನೇಯ ಗುಡ್ಡದ ಹಿಂಬದಿಯ ಒಂದು ಅಡ್ಡರಸ್ತೆಯ ಮೊದಲ ಮಹಡಿಯಲ್ಲಿ. ಹಳೆಯ ಮನೆ, ಬಾಡಿಗೆ ಮನೆ. ಬಾಡಿಗೆಗೆ ಮನೆ ಹುಡುಕುವಾಗ ನಮ್ಮಂಥವರಿಗೆ ಎದುರಾಗುವ ಪ್ರಶ್ನೆಗಳು ನಿಮಗೂ ಗೊತ್ತು, ಅದನ್ನು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಹೆಂಡತಿ, ಪಿಯುಸಿ ಓದುವ ಮಗಳು, ಎಪ್ಪತ್ನಾಲ್ಕು ವರ್ಷದ ನಮ್ಮ ಅವ್ವ, ನಾನು. ಹಾಲ್‌ಗೆ ಅಂಟಿದ ಚಿಕ್ಕ ಕೋಣೆ ಅವ್ವನದು. ಅದರ ಬಾಗಿಲು ಹಳೆಯ ಕಾಲದ ಹಲಗೆ ಬಾಗಿಲು, ಭಾರ ಜಾಸ್ತಿ. ಮಳೆಗಾಲ ಬಂದರೆ ಸಾಕು, ಚೌಕಟ್ಟಿಗೆ ಕಚ್ಚಿಕೊಂಡು ಬಿಡುತ್ತದೆ. ಹಾಕಲು ಭುಜ ಕೊಡಬೇಕು, ತೆಗೆಯಲು ಎರಡೂ ಕೈಯಲ್ಲಿ ಜಗ್ಗಬೇಕು.

ನಾನು ನನ್ನ ಹೆಂಡತಿ ಧಮ್ಮ ದೀಕ್ಷೆ ತೆಗೆದುಕೊಂಡು ಮೂರು ವರ್ಷವಾಯಿತು. ಮಗಳೂ ನಮ್ಮ ಜೊತೆ ಬಂದಳು. ಅವ್ವ ಬರಲಿಲ್ಲ. "ನೀವು ಓದ್ದೋರು, ನಿಮಗೆ ಗೊತ್ತಾಯ್ತದೆ. ನಂಗೆ ಬ್ಯಾಡ ಮಗಾ" ಅಂದಳು. ಊರಿಂದ ಬರುವಾಗ ತಂದಿದ್ದ ಮನೆದೇವರ ಫೋಟೊ ಹಾಲ್‌ನ ಗೋಡೆಯಲ್ಲಿತ್ತು. ದೀಕ್ಷೆಯಾದ ವಾರವೇ ನಾನು ಅದನ್ನು ಇಳಿಸಿದೆ. ಆ ಜಾಗದಲ್ಲಿ ಭಗವಾನ್ ಬುದ್ಧರ ಮತ್ತು ಬಾಬಾಸಾಹೇಬರ ಫೋಟೊ ಬಂತು. ಅವ್ವ ಒಂದು ಮಾತೂ ಆಡದೆ ತನ್ನ ಫೋಟೊವನ್ನು ಸೆರಗಿನಲ್ಲಿ ಒರೆಸಿ ಕೋಣೆಗೆ ಒಯ್ದಳು. ಸಂಜೆ ಅಲ್ಲೇ ಒಂದು ಸಣ್ಣ ದೀಪ ಹಚ್ಚತೊಡಗಿದಳು.

ನಾನು ಸುಮ್ಮನಿರಲಿಲ್ಲ. ಇಪ್ಪತ್ತೆರಡು ಪ್ರತಿಜ್ಞೆ ಓದಿ ಹೇಳಿದೆ. ವಾದ ಮಾಡಿದೆ. "ಆ ದೇವರು ನಮ್ಮನ್ನ ಊರ ಹೊರಗೆ ಇಟ್ಟವರ ಕೈ ಹಿಡಿದಿತ್ತೇ ಹೊರತು ನಮ್ಮ ಕೈ ಹಿಡಿದಿತ್ತಾ?" ಎಂದು ಕೇಳಿದೆ. ಒಂದೆರಡು ಸಲ ಜೋರಾಗಿ ಬೈದೆ. ಅದಾದ ಮೇಲೆ ಅವ್ವ ದೀಪ ಹಚ್ಚುವಾಗ ಬಾಗಿಲು ಹಾಕಿಕೊಂಡು ಒಳಗಿನಿಂದ ಚಿಲಕ ಹಾಕುವುದನ್ನು ರೂಢಿ ಮಾಡಿಕೊಂಡಳು. ಬಾಗಿಲು ಕಚ್ಚಿಕೊಳ್ಳುವುದು ನಿಜವಾಗಿ ತೊಂದರೆಯಾದದ್ದು ಆಗಿನಿಂದ. ಅದಕ್ಕೆ ಮೊದಲು ಆ ಬಾಗಿಲು ಹಗಲೂ ರಾತ್ರಿ ತೆರೆದೇ ಇರುತ್ತಿತ್ತು.

ಎರಡು ಮಳೆಗಾಲ ನಾನೇ ರಿಪೇರಿ ಮಾಡಿದೆ. ಪಕ್ಕದ ಮನೆಯವರಿಂದ ಉಜ್ಜುಗೊರಡು ತಂದು, ಚಿಲಕದ ಕಡೆಯ ಅಂಚನ್ನು ಕೈಗೆ ಸಿಕ್ಕಷ್ಟು ಎತ್ತರಕ್ಕೆ ಕೆರೆದೆ. ಒಂದು ತಿಂಗಳು ಸಲೀಸಾಗಿ ಓಡಾಡಿತು, ಮತ್ತೆ ಕಚ್ಚಿತು. ಮತ್ತೆ ಕೆರೆದೆ. ಬೇಸಿಗೆಯಲ್ಲಿ ನೋಡಿದರೆ ಕೆಳಗಡೆ ಬೆರಳು ತೂರುವಷ್ಟು ಸಂದಿ. ಆದರೂ ಮಳೆ ಬಂದರೆ ಅದೇ ಕತೆ. ಆಗೆಲ್ಲ ನನಗೆ ಬರುತ್ತಿದ್ದ ಸಿಟ್ಟು ಬಾಗಿಲ ಮೇಲೋ ಅವ್ವನ ಮೇಲೋ ಎಂದು ನೀವು ಕೇಳಿದ್ದರೆ, ಬಾಗಿಲ ಮೇಲೆ ಎಂದೇ ಹೇಳುತ್ತಿದ್ದೆ.

ಕಳೆದ ವರ್ಷ ಸೆಪ್ಟೆಂಬರ್‌ನ ಒಂದು ಭಾನುವಾರ. ಹೆಂಡತಿ, ಮಗಳು ಮದುವೆಗೆಂದು ಊರಿಗೆ ಹೋಗಿದ್ದರು. ನಾನು ನಮ್ಮ ಅಧ್ಯಯನ ಬಳಗಕ್ಕೆ ಬಂದಿದ್ದೆ. ಅವತ್ತು ಮೈತ್ರಿ ಭಾವನೆಯ ಬಗ್ಗೆ ಮಾತನಾಡಿದವನು ನಾನೇ. ನಿಮ್ಮಲ್ಲಿ ಕೆಲವರು ಚೆನ್ನಾಗಿತ್ತು ಮೇಷ್ಟ್ರೇ ಎಂದು ಬೆನ್ನು ತಟ್ಟಿದ್ದೂ ನೆನಪಿದೆ. ಮಳೆ ನಿಲ್ಲಲಿಲ್ಲ ಎಂದು ತಡವಾಗಿ ಹೊರಟೆ. ಮನೆ ತಲುಪಿದಾಗ ಕರೆಂಟ್ ಇರಲಿಲ್ಲ. "ಅವ್ವಾ" ಎಂದೆ. ಕೋಣೆಯ ಒಳಗಿನಿಂದ ಸಣ್ಣ ದನಿ ಬಂತು: "ಇಲ್ಲೇ ಇವ್ನಿ ಮಗಾ. ಬಾಗಿಲು ಬತ್ತಿಲ್ಲ."

ಚಿಲಕ ತೆಗೆದಿದ್ದಳು, ಬಾಗಿಲು ಬಂದಿರಲಿಲ್ಲ. ಎರಡು ಗಂಟೆಗಿಂತ ಹೆಚ್ಚು ಹೊತ್ತು ಕತ್ತಲಲ್ಲಿ ಕೂತಿದ್ದಳು. ಅವಳ ಫೋನ್ ಹಾಲ್‌ನಲ್ಲಿ ಚಾರ್ಜಿಗೆ ಹಾಕಿತ್ತು. ನಾನು ಭುಜ ಕೊಟ್ಟು ನೂಕಿದೆ, ಪೇಂಟ್ ಕಿತ್ತುಕೊಂಡು ಬಾಗಿಲು ತೆರೆಯಿತು. ಮೊಬೈಲ್ ಬೆಳಕಿನಲ್ಲಿ ನೋಡಿದೆ, ಮಂಚದ ಅಂಚಿನಲ್ಲಿ ಕೂತಿದ್ದಳು. ದೀಪ ಆರಿತ್ತು.

"ಕೂಗಬಾರದಾ ಅವ್ವಾ? ಕೆಳಗಡೆ ಮನೆಯವರಿದ್ದಾರಲ್ಲ, ಅವರಾದರೂ ಬರ್ತಿದ್ರು."

"ಅವ್ರು ಬಂದ್ರೆ ನಿಂಗೆ ಗೊತ್ತಾಯ್ತದೆ. ದೀಪ ಹಚ್ಚಕ್ಕೋಗಿ ಸಿಕ್ಕಾಕ್ಕೊಂಡ್ಲು ಅಂತ ಬೈತೀಯ. ಅದ್ಕೇ ಕೂಗ್ನಿಲ್ಲ."

ಬಂಧುಗಳೇ, ಆ ರಾತ್ರಿ ನನಗೆ ಊಟ ಸೇರಲಿಲ್ಲ. ನನ್ನ ಅವ್ವನಿಗೆ ಕತ್ತಲೆಗಿಂತ, ಒಳಗೆ ಸಿಕ್ಕಿಹಾಕಿಕೊಂಡ ದಿಗಿಲಿಗಿಂತ, ಧಮ್ಮ ಹಿಡಿದ ಮಗನ ಬಾಯಿ ಹೆಚ್ಚು ಭಯ ಹುಟ್ಟಿಸಿತ್ತು.

ಮಾರನೆಯ ದಿನ ನಾನು ಸುಲಭದ ದಾರಿ ಯೋಚಿಸಿದೆ. ಬಾಗಿಲನ್ನೇ ಕಳಚಿಟ್ಟು ಒಂದು ಪರದೆ ಹಾಕಿಬಿಡುವುದು. ಇಲ್ಲದಿದ್ದರೆ ಒಳಗಿನ ಚಿಲಕವನ್ನಾದರೂ ಕೀಳುವುದು. ವಯಸ್ಸಾದವರಿಗೆ ಚಿಲಕ ಯಾಕೆ? ಅವ್ವನಿಗೆ ಹೇಳಿದೆ. ಅವಳು ಎಂದೂ ನನ್ನ ಎದುರು ದನಿ ಎತ್ತಿದವಳಲ್ಲ, ಅವತ್ತು ಎತ್ತಿದಳು.

"ಚಿಲ್ಕ ಮುಟ್ಬ್ಯಾಡ. ಬಾಗ್ಲೂ ಮುಟ್ಬ್ಯಾಡ."

ಆಮೇಲೆ ನಿಧಾನವಾಗಿ ಹೇಳಿದಳು. ಊರಲ್ಲಿ ಅವಳು ಹದಿನೈದು ವರ್ಷ ಒಂದು ದೊಡ್ಡ ಮನೆಯ ಕೊಟ್ಟಿಗೆ ಕಸ ಗುಡಿಸಿದವಳು. ಹಿತ್ತಲ ಬಾಗಿಲಲ್ಲಿ ನಿಂತು ಕೂಗಬೇಕು. ಒಳಗಿನವರು ಬಂದು ಮೇಲಿನಿಂದ ಸೆರಗಿಗೆ ರಾಗಿ ಹಾಕಬೇಕು. ನಡುಮನೆಗೆ ಇದ್ದ ಬಾಗಿಲನ್ನು ದೂರದಿಂದ ಕಂಡಿದ್ದಾಳೆ, ಅದರಾಚೆ ಏನಿತ್ತು ಎಂಬುದು ಇವತ್ತಿಗೂ ಗೊತ್ತಿಲ್ಲ. ಇನ್ನು ನಮ್ಮದೇ ಗುಡಿಸಲಿಗೆ ಇದ್ದದ್ದು ಒಂದು ತಡಿಕೆ. ನಾಯಿ ನೂಕಿದರೂ ಬೀಳುವಂಥದ್ದು. ಬಟ್ಟೆ ಬದಲಾಯಿಸಬೇಕೆಂದರೆ ಕತ್ತಲಾಗುವುದನ್ನು ಕಾಯಬೇಕಿತ್ತು.

"ಒಳ್ಗಿಂದ ಹಾಕ್ಕೊಳೋ ಚಿಲ್ಕ ಅಂತ ನಂಗೆ ಸಿಕ್ಕಿದ್ದು ಇಲ್ಲಿಗೆ ಬಂದ್ಮೇಲೇ ಕಣ್ ಮಗಾ. ಅದ್ನೂ ಕೀಳ್ತೀಯಾ?"

ನಾನು ಎಂ.ಎ. ಓದಿದವನು. ದಲಿತ ಸಾಹಿತ್ಯ, ಬಂಡಾಯ ಸಾಹಿತ್ಯದ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವನು. ನನ್ನ ಮನೆಯಲ್ಲೇ ಒಂದು ಚಿಲಕಕ್ಕೆ ಇಂಥ ಅರ್ಥವಿದೆ ಎಂದು ಓದಿಕೊಳ್ಳಲು ಆಗಿರಲಿಲ್ಲ.

ಬಡಗಿಯನ್ನು ಕರೆಸಿದೆ. ಶ್ರೀನಗರದ ಕಡೆಯಿಂದ ಬಂದ ಹಿರಿಯರು. ಬಂದವರು ಉಜ್ಜುಗೊರಡನ್ನು ಚೀಲದಿಂದ ತೆಗೆಯಲೇ ಇಲ್ಲ. ಬಾಗಿಲನ್ನು ನಾಲ್ಕು ಸಲ ನಿಧಾನವಾಗಿ ಆಡಿಸಿದರು. ಹಿಡಿಯನ್ನು ಹಿಡಿದು ಮೇಲಕ್ಕೆ ಎತ್ತಿ ನೋಡಿದರು. ಅಂಚಿನ ಮೇಲೆ ಬೆರಳಾಡಿಸಿ, "ಇದನ್ನ ಯಾರು ಕೆರೆದಿದ್ದು ಸಾರ್?" ಎಂದರು. ನಾನೇ ಎಂದೆ. ಅವರು ನಗಲಿಲ್ಲ.

"ಒಂದು ಸೀಮೆಸುಣ್ಣ ಇದ್ರೆ ಕೊಡಿ" ಎಂದರು. ಮೇಷ್ಟರ ಮನೆಯಲ್ಲಿ ಸೀಮೆಸುಣ್ಣಕ್ಕೆ ಬರವೇ? ಅಂಗಿ ಜೇಬಿನಲ್ಲೇ ಒಂದು ತುಂಡಿತ್ತು. ಬಾಗಿಲಿನ ಅಂಚಿಗೆ ಮೇಲಿನಿಂದ ಕೆಳಗಿನವರೆಗೆ ಅದನ್ನು ಉಜ್ಜಿ, ಮೆಲ್ಲಗೆ ಹಾಕಿ, ಮತ್ತೆ ತೆರೆದರು. ಚೌಕಟ್ಟಿನ ಮೇಲೆ ಎಲ್ಲಿ ಬಿಳಿ ಗುರುತು ಬಿದ್ದಿದೆಯೋ ಅಲ್ಲಿ ಬಾಗಿಲು ತಾಗುತ್ತಿದೆ ಎಂದರ್ಥ. ಗುರುತು ಬಿದ್ದದ್ದು ಮೇಲಿನ ಮೂಲೆಯಲ್ಲಿ ಮಾತ್ರ, ಒಂದು ಗೇಣಿನಷ್ಟು. ನಾನು ಎರಡು ವರ್ಷ ಕೆರೆದಿದ್ದ ಜಾಗದಲ್ಲಿ ಒಂದು ಚುಕ್ಕೆಯೂ ಇರಲಿಲ್ಲ.

"ಬಾಗಿಲಲ್ಲಿ ದೋಷ ಇಲ್ಲ ಸಾರ್. ಮೇಲಿನ ಕೀಲು ಸಡಿಲ ಆಗಿದೆ. ಅದಕ್ಕೇ ಬಾಗಿಲು ಈ ಕಡೆಗೆ ವಾಲಿದೆ. ಮಳೆಗಾಲದಲ್ಲಿ ಮರ ತೇವ ಕುಡಿದು ಅಗಲಕ್ಕೆ ಒಂಚೂರು ಉಬ್ಬುತ್ತೆ, ಅದು ಎಲ್ಲಾ ಬಾಗಿಲಿಗೂ ಇದ್ದದ್ದೇ. ಕೀಲು ನೆಟ್ಟಗಿದ್ದರೆ ಅಷ್ಟಕ್ಕೆಲ್ಲ ಕಚ್ಚಲ್ಲ. ನೀವು ಬಾಗಿಲನ್ನ ಕೆರೀತಾ ಬಂದಿದ್ದೀರಿ, ಕೀಲನ್ನ ನೋಡಿಲ್ಲ."

ಆಮೇಲೆ ಬಾಗಿಲ ಅಡಿಗೆ ಒಂದು ಬೆಣೆ ಕೊಟ್ಟು ಭಾರ ಹೊರಿಸಿ, ಮೇಲಿನ ಕೀಲಿನ ಸ್ಕ್ರೂಗಳನ್ನು ಬಿಚ್ಚಿದರು. ತೂತುಗಳು ಅಗಲವಾಗಿ ಸ್ಕ್ರೂಗಳಿಗೆ ಹಿಡಿತವೇ ಇರಲಿಲ್ಲ. ಬಿದಿರಿನ ಸೀಳುಗಳಿಗೆ ಫೆವಿಕಾಲ್ ಹಚ್ಚಿ ತೂತುಗಳಿಗೆ ಬಿಗಿಯಾಗಿ ತುಂಬಿದರು. ಅದು ಒಣಗಲಿ ಎಂದು ಕಾದರು. ಆ ಹೊತ್ತಿಗೆ ಅವ್ವ ಕಾಫಿ ಕೊಟ್ಟಳು. ಉಳಿದ ತುದಿಗಳನ್ನು ಉಳಿಯಿಂದ ಸಮ ಮಾಡಿ, ಸ್ವಲ್ಪ ಉದ್ದದ ಹೊಸ ಸ್ಕ್ರೂಗಳನ್ನು ಹಾಕಿದರು. ಮತ್ತೆ ಸೀಮೆಸುಣ್ಣ ಹಚ್ಚಿ ನೋಡಿದರೆ ಮೂಲೆಯಲ್ಲಿ ಕೂದಲೆಳೆಯಷ್ಟು ತಾಗುತ್ತಿತ್ತು. ಅಲ್ಲಿಗಷ್ಟೇ ಉಪ್ಪುಕಾಗದ ಉಜ್ಜಿದರು. ಕೊನೆಗೆ ಬಾಗಿಲಿನ ತಲೆ ಮತ್ತು ಬುಡದ ಅಂಚು ತೋರಿಸಿದರು. ಎದುರಿಗೆ ಕಾಣುವ ಕಡೆಯೆಲ್ಲ ಪೇಂಟ್ ಇದೆ, ಕಣ್ಣಿಗೆ ಕಾಣದ ಆ ಎರಡು ಅಂಚು ಬರಿ ಮರ. "ತೇವ ಕುಡಿಯೋದು ಇಲ್ಲಿಂದಲೇ. ಬಿಸಿಲು ಬಂದು ಚೆನ್ನಾಗಿ ಒಣಗಿದ ಮೇಲೆ ನೀವೇ ಬಣ್ಣ ಹಚ್ಚಿ" ಎಂದರು.

"ಕೆಳಗಡೆ ನಾನು ಕೆರೆದ ಸಂದಿ?" ಎಂದು ಕೇಳಿದೆ.

"ಕೆರೆದಿದ್ದನ್ನ ಮರಕ್ಕೆ ವಾಪಸ್ ಅಂಟಿಸೋಕಾಗುತ್ತಾ ಸಾರ್? ಅದು ಹಾಗೇ ಇರುತ್ತೆ."

ಬಂಧುಗಳೇ, ಇಷ್ಟು ಕತೆ. ಈಗ ಧಮ್ಮಕ್ಕೆ ಬರೋಣ.

ನಾವು ನಾಲ್ಕು ಆರ್ಯಸತ್ಯಗಳನ್ನು ಬೆರಳು ಮಡಚಿ ಹೇಳುತ್ತೇವೆ. ದುಃಖ ಇದೆ, ದುಃಖಕ್ಕೆ ಕಾರಣ ಇದೆ, ಅದು ನಿಲ್ಲುತ್ತದೆ, ನಿಲ್ಲಿಸುವ ಮಾರ್ಗ ಇದೆ. ನಾನು ಮಾಡಿದ್ದೇನು? ಮೊದಲನೆಯದನ್ನು ಕಂಡೆ, ಎರಡನೆಯದನ್ನು ಬಿಟ್ಟು ನೇರವಾಗಿ ನಾಲ್ಕನೆಯದಕ್ಕೆ ಹಾರಿದೆ. ಕಾರಣ ಹುಡುಕದೆ ಮಾರ್ಗ ಹಿಡಿದರೆ ಆ ಮಾರ್ಗ ಉಜ್ಜುಗೊರಡಿನಂತೆ ಸಿಕ್ಕಿದ್ದನ್ನೆಲ್ಲ ಕೆರೆಯುತ್ತದೆ. ಅವ್ವ ದೀಪ ಹಚ್ಚುವುದು ತಪ್ಪೋ ಸರಿಯೋ ಎಂದು ಎರಡು ವರ್ಷ ವಾದಿಸಿದೆ. ಅವಳು ಬಾಗಿಲು ಹಾಕಿಕೊಳ್ಳಲು ಕಾರಣ ಏನು ಎಂದು ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ, ಕಾರಣ ನಾನೇ ಎಂದು ಗೊತ್ತಾಗುತ್ತಿತ್ತು.

ಇನ್ನು ಉಪಾಲಿ. ನಾಲಂದಾದ ಸಿರಿವಂತ ಗೃಹಸ್ಥ, ನಿಗಂಠರ ದೊಡ್ಡ ಉಪಾಸಕ. ಭಗವಾನರನ್ನು ವಾದದಲ್ಲಿ ಸೋಲಿಸಿ ಬರುತ್ತೇನೆ ಎಂದು ಹೊರಟವನು ಮಾವಿನ ತೋಪಿನಲ್ಲಿ ಅವರ ಮಾತು ಕೇಳಿ ಮನಸ್ಸು ಬದಲಾಯಿಸಿದ, ಶರಣು ಬಂದ. ಬೇರೆ ಯಾರಾಗಿದ್ದರೂ ಇಂಥ ದೊಡ್ಡ ಮನುಷ್ಯ ನಮ್ಮ ಕಡೆ ಬಂದ ಎಂದು ಊರೆಲ್ಲ ಸಾರುತ್ತಿದ್ದರು. ಭಗವಾನರು ಹೇಳಿದ್ದು ಬೇರೆ: ಚೆನ್ನಾಗಿ ಪರೀಕ್ಷೆ ಮಾಡಿ ನೋಡು, ನಿನ್ನಂಥವರು ಯೋಚಿಸಿ ನಡೆಯುವುದು ಒಳ್ಳೆಯದು. ಅಷ್ಟಕ್ಕೇ ನಿಲ್ಲಿಸಲಿಲ್ಲ. ನಿನ್ನ ಮನೆ ನಿಗಂಠರಿಗೆ ಬಹಳ ಕಾಲದಿಂದ ನೀರಿನ ಬಾವಿ ಇದ್ದ ಹಾಗೆ ಇದೆ, ಅವರು ಬಂದರೆ ಭಿಕ್ಷೆ ಕೊಡುವುದನ್ನು ಮುಂದುವರಿಸು ಎಂದರು. ತಮ್ಮ ಕಡೆಗೆ ಬಂದವನಿಗೆ ಹಳೆಯವರ ಹೊಟ್ಟೆ ಮರೆಯಬೇಡ ಎಂದು ನೆನಪಿಸಿದ ಗುರು ಅವರು.

ಮುಂದೆ ನಡೆದದ್ದನ್ನು ನಾವು ಬೇಗ ಓದಿ ದಾಟಿಬಿಡುತ್ತೇವೆ. ಉಪಾಲಿ ಮನೆಗೆ ಹೋಗಿ ಮೊದಲು ಮಾಡಿದ ಕೆಲಸ ಬಾಗಿಲು ಕಾಯುವವನನ್ನು ಕರೆದದ್ದು. ಇನ್ನು ಮುಂದೆ ನಿಗಂಠರಿಗೆ ಬಾಗಿಲು ಮುಚ್ಚಿದೆ, ಭಗವಾನರ ಶಿಷ್ಯರಿಗೆ ತೆರೆದಿದೆ, ನಿಗಂಠರು ಬಂದರೆ ಹೊರಗೇ ನಿಲ್ಲಲಿ, ಊಟ ಬೇಕಿದ್ದರೆ ಬಾಗಿಲಿಗೇ ತಂದುಕೊಡುತ್ತೇವೆ ಎಂದು ಹೇಳಿಟ್ಟ. ಭಿಕ್ಷೆ ನಿಲ್ಲಲಿಲ್ಲ ನಿಜ. ಆದರೆ ನಿನ್ನೆಯವರೆಗೆ ಒಳಗೆ ಕೂತು ಉಂಡವರು ಇವತ್ತು ಬಾಗಿಲಲ್ಲಿ ನಿಂತರು.

ಉಪಾಲಿ ದೊಡ್ಡ ಶ್ರದ್ಧೆಯವನು, ಅವನನ್ನು ತೂಗುವ ಯೋಗ್ಯತೆ ನನಗಿಲ್ಲ. ಆದರೆ ಬಾಗಿಲಲ್ಲಿ ನಿಲ್ಲಿಸಿ ಕೊಡುವ ಊಟ ಹೇಗಿರುತ್ತದೆ ಎಂಬುದು ನಮಗೆ ಯಾವ ಸುತ್ತ ಓದದೆಯೂ ಗೊತ್ತು. ಸೆರಗಿಗೆ ರಾಗಿ ಹಾಕಿಸಿಕೊಂಡವಳ ಮಗ ನಾನು. ಆ ಅವ್ವನನ್ನೇ ನನ್ನ ಮನೆಯೊಳಗೆ ಒಂದು ಬಾಗಿಲ ಹಿಂದೆ ನಿಲ್ಲಿಸಿದ್ದೆ.

ಬಾಬಾಸಾಹೇಬರ ಬದುಕಿನಲ್ಲೂ ಮುಚ್ಚಿದ ಬಾಗಿಲುಗಳು ಎಷ್ಟೊಂದು. 1930ರ ಮಾರ್ಚ್ 2ರಂದು ನಾಸಿಕದ ಕಾಳಾರಾಮ ದೇವಸ್ಥಾನದ ಎದುರು ಸತ್ಯಾಗ್ರಹ ಶುರುವಾದಾಗ ಸಾವಿರಾರು ಜನ ಹೋದರೆ ಅಲ್ಲಿ ಕಂಡದ್ದು ಮುಚ್ಚಿದ ಬಾಗಿಲೇ. 1935ರ ಅಕ್ಟೋಬರ್ 13ರಂದು ಯೇವಲಾದಲ್ಲಿ, ಹಿಂದೂವಾಗಿ ಹುಟ್ಟಿದ್ದೇನೆ, ಹಿಂದೂವಾಗಿ ಸಾಯುವುದಿಲ್ಲ ಎಂದು ಘೋಷಿಸಿದರು. ನಾಗಪುರದಲ್ಲಿ ದೀಕ್ಷೆ ತೆಗೆದುಕೊಂಡದ್ದು 1956ರ ಅಕ್ಟೋಬರ್ 14ರಂದು. ನಡುವೆ ಇಪ್ಪತ್ತೊಂದು ವರ್ಷ. ಅಷ್ಟು ಓದಿದ ಮನುಷ್ಯ, ಅಷ್ಟು ನೊಂದ ಮನುಷ್ಯ, ಬಿಡುವುದಕ್ಕೆ ನಿರ್ಧಾರ ಮಾಡಿದ ಮೇಲೂ ಸೇರುವುದಕ್ಕೆ ಇಪ್ಪತ್ತೊಂದು ವರ್ಷ ಪರೀಕ್ಷಿಸಿ ನೋಡಿದರು. ಓದು ಬರದ ನಮ್ಮ ಅವ್ವ ಒಂದು ವಾರದಲ್ಲಿ ಎಪ್ಪತ್ತು ವರ್ಷದ್ದನ್ನು ಇಳಿಸಿಡಬೇಕು ಎಂದು ನಾನು ಹಟ ಹಿಡಿದಿದ್ದೆ.

ಇನ್ನೊಂದು ಮಾತು. ಇಪ್ಪತ್ತೆರಡು ಪ್ರತಿಜ್ಞೆಗಳನ್ನು ಇವತ್ತು ಮತ್ತೆ ಒಂದು ಸಲ ಓದಿ. ಎಲ್ಲವೂ "ನಾನು" ಎಂದೇ ಇವೆ. ನಾನು ಪೂಜಿಸುವುದಿಲ್ಲ, ನಾನು ನಂಬುವುದಿಲ್ಲ, ನಾನು ಸಮಾನತೆಗಾಗಿ ದುಡಿಯುತ್ತೇನೆ. ನನ್ನ ಅವ್ವನಿಂದ ಬಿಡಿಸುತ್ತೇನೆ ಎಂಬ ಪ್ರತಿಜ್ಞೆ ಅದರಲ್ಲಿಲ್ಲ. ಎಲ್ಲ ಜೀವಿಗಳಿಗೂ ಕರುಣೆ ತೋರುತ್ತೇನೆ ಎಂಬ ಪ್ರತಿಜ್ಞೆ ಇದೆ. ಮೊದಲಿನವನ್ನು ಬಾಯಿಪಾಠ ಮಾಡಿ ಅವ್ವನಿಗೆ ಒಪ್ಪಿಸಿದವನು ಇದನ್ನು ನನಗೆ ಒಪ್ಪಿಸಿಕೊಂಡಿರಲಿಲ್ಲ.

"ಹಾಗಾದರೆ ಬೌದ್ಧರ ಮನೆಯಲ್ಲಿ ಪೂಜೆ ನಡೆಯಲಿ ಅನ್ನುತ್ತೀರಾ ಮೇಷ್ಟ್ರೇ?" ಎಂದು ನಿಮ್ಮಲ್ಲಿ ಕೆಲವರು ಕೇಳುತ್ತೀರಿ. ಕೇಳಲೇಬೇಕಾದ ಪ್ರಶ್ನೆ. ಒಂದು ಕಾಲು ಅಲ್ಲಿ, ಒಂದು ಕಾಲು ಇಲ್ಲಿ ಇಟ್ಟು ನಿಂತವರಿಂದ ನಮ್ಮ ಚಳವಳಿಗೆ ಆಗಿರುವ ನಷ್ಟ ನನಗೂ ಗೊತ್ತು. ನನ್ನ ಉತ್ತರ ಇಷ್ಟು. ಆ ದೀಪ ನಾನು ಹಚ್ಚುವುದಿಲ್ಲ, ನನ್ನ ಹೆಂಡತಿ ಹಚ್ಚುವುದಿಲ್ಲ. ಮಗಳು ಅಜ್ಜಿಯ ಮಾತಿಗೆ ಕಟ್ಟುಬಿದ್ದು ಕೈ ಮುಗಿಯುವುದಿಲ್ಲ, ಯಾಕೆ ಮುಗಿಯುವುದಿಲ್ಲ ಎಂದು ಅಜ್ಜಿಗೆ ಗೌರವದಿಂದ ಹೇಳುತ್ತಾಳೆ. ಹಾಲ್‌ನ ಗೋಡೆ ಬದಲಾಗಿಲ್ಲ. ಆ ದೇವರ ಬಗ್ಗೆ ನನ್ನ ಅಭಿಪ್ರಾಯವೂ ಬದಲಾಗಿಲ್ಲ, ಅವ್ವ ಕೇಳಿದರೆ ಹೇಳುತ್ತೇನೆ. ಆದರೆ ಕೋಣೆ ಅವಳದು, ಚಿಲಕ ಅವಳದು. ಧಮ್ಮ ಎಂದರೆ ಬಂದು ನೋಡು ಎನ್ನುವ ಧಮ್ಮ. ಬಂದು ನೋಡು ಎನ್ನಬೇಕಾದರೆ ಅವರು ತಾವಾಗಿ ಎದ್ದು ಬರುವಂತಿರಬೇಕು. ಭುಜ ಕೊಟ್ಟು ನೂಕಿದರೆ ಪೇಂಟ್ ಕಿತ್ತು ಬರುತ್ತದೆ, ಅಷ್ಟೇ.

ರಿಪೇರಿಯಾದ ಸಂಜೆ ಅವ್ವನ ಹತ್ತಿರ ಕೂತು, "ಇನ್ಮೇಲೆ ಬೈಯಲ್ಲ ಅವ್ವಾ" ಎಂದೆ. ಅವಳು ನಂಬಿದ ಹಾಗೆ ಕಾಣಲಿಲ್ಲ. ಎರಡು ತಿಂಗಳು ಬಾಗಿಲು ಹಾಕಿಕೊಂಡೇ ದೀಪ ಹಚ್ಚಿದಳು. ಕೀಲಿನ ತೂತಿಗೆ ತುಂಬಿದ ಅಂಟು ಒಂದು ತಾಸಿನಲ್ಲಿ ಒಣಗಿತು, ಇದಕ್ಕೆ ಅಷ್ಟು ಬೇಗ ಆಗುವುದಿಲ್ಲ. ಫೋನ್ ಮಾತ್ರ ಈಗ ಅವಳ ದಿಂಬಿನ ಪಕ್ಕದಲ್ಲೇ ಇರುತ್ತದೆ.

ಡಿಸೆಂಬರ್‌ನಲ್ಲಿ, ಮಹಾಪರಿನಿಬ್ಬಾಣ ದಿನದ ಮರುದಿನ ಇರಬೇಕು, ನಾವು ಮೂವರು ಹಾಲ್‌ನಲ್ಲಿ ಕೂತು ಓದುತ್ತಿದ್ದೆವು. ಅವ್ವನ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದಲೇ ಕೇಳಿದಳು, "ಆ ಬುದ್ಧಪ್ಪಂಗೂ ಅವ್ವ ಇದ್ಲಾ?"

ಹೆತ್ತ ತಾಯಿ ಮಹಾಮಾಯೆ ಏಳೇ ದಿನಕ್ಕೆ ತೀರಿಹೋದದ್ದು, ಚಿಕ್ಕಮ್ಮ ಮಹಾಪ್ರಜಾಪತಿ ಗೌತಮಿ ಹಾಲೂಡಿ ಸಾಕಿದ್ದು ಹೇಳಿದೆ. ಆ ಗೌತಮಿ ಸಂಘಕ್ಕೆ ಸೇರಿಸಿಕೊಳ್ಳಿ ಎಂದು ಕಪಿಲವಸ್ತುವಿನಲ್ಲಿ ಮೂರು ಸಲ ಕೇಳಿದ್ದು, ಆಗಲಿಲ್ಲವೆಂದು ತಲೆ ಬೋಳಿಸಿಕೊಂಡು ಎಷ್ಟೋ ಹೆಂಗಸರ ಜೊತೆ ವೈಶಾಲಿಯವರೆಗೆ ನಡೆದದ್ದು, ಊದಿಕೊಂಡ ಕಾಲು, ಧೂಳು ಮುಚ್ಚಿದ ಮೈಯಲ್ಲಿ ವಿಹಾರದ ಹೊರಬಾಗಿಲ ಬಳಿ ಅಳುತ್ತ ನಿಂತದ್ದು, ಆನಂದ ನೋಡಿ ಅವರ ಪರವಾಗಿ ಮಾತನಾಡಿದ ಮೇಲೆ ಒಳಗೆ ಕರೆದದ್ದು, ಎಲ್ಲ ಹೇಳಿದೆ.

ಅವ್ವ ಎದ್ದು ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

"ಸಾಕಿದ್ ತಾಯೀನೂ ಬಾಗ್ಲಲ್ಲಿ ನಿಲ್ಬೇಕಾಯ್ತಾ?" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಆಮ್ಯಾಕೆ ಒಳಿಕ್ಕೋದ್ಲಲ್ಲ, ಬುಡು" ಎಂದು ಮಗಳ ಪಕ್ಕ ಚಾಪೆಯ ಮೇಲೆ ಕೂತಳು.

ದೀಕ್ಷೆ ತೆಗೆದುಕೊಂಡಳೇ ಎಂದು ಕೇಳಬೇಡಿ. ಇಲ್ಲ. ದೀಪ ಈಗಲೂ ಹಚ್ಚುತ್ತಾಳೆ. ನಾನು ಕೆರೆದ ಸಂದಿ ಹಾಗೇ ಇದೆ, ಸಂಜೆ ಬಾಗಿಲು ಹಾಕಿದ್ದರೂ ಆ ಸಂದಿಯಲ್ಲಿ ಸಣ್ಣ ಬೆಳಕು ಕಾಣುತ್ತದೆ. ಅದನ್ನು ಕಂಡಾಗ ಮೊದಲು ಬರುತ್ತಿದ್ದ ಸಿಟ್ಟು ಈಗ ಬರುವುದಿಲ್ಲ ಎಂದರೆ ಸುಳ್ಳಾಗುತ್ತದೆ. ಬರುತ್ತದೆ. ಬಂದಾಗ ಕೂತು ಉಸಿರು ನೋಡುತ್ತೇನೆ, ಎಲ್ಲಿ ತಾಗುತ್ತಿದೆ ಎಂದು ಹುಡುಕುತ್ತೇನೆ. ಓದುವ ಹೊತ್ತಿಗೆ ಅವ್ವ ಬಂದು ಕೂರುತ್ತಾಳೆ, ಬರದ ದಿನವೂ ಉಂಟು.

ಇಂದಿನ ಅಭ್ಯಾಸಕ್ಕೆ: ನಿಮ್ಮ ಮನೆಯಲ್ಲಿ, ನಿಮ್ಮ ಭಯಕ್ಕೆ ಬಾಗಿಲು ಹಾಕಿಕೊಳ್ಳುವವರು ಯಾರಾದರೂ ಇದ್ದಾರೆಯೇ? ಅವ್ವ, ಅಪ್ಪ, ಹೆಂಡತಿ, ಕಾಲೇಜಿಗೆ ಹೋಗುವ ಮಗ, ಯಾರಾದರೂ ಸರಿ. ಇವತ್ತು ಅವರಿಗೆ ಏನನ್ನೂ ಬೋಧಿಸಬೇಡಿ. ಒಂದು ಪ್ರಶ್ನೆ ಕೇಳಿ, ಉತ್ತರ ಮುಗಿಯುವವರೆಗೆ ಸುಮ್ಮನೆ ಕೂತಿರಿ. ರಾತ್ರಿ ಹತ್ತು ನಿಮಿಷದ ಮೈತ್ರಿ ಭಾವನೆಯನ್ನು ಅವರಿಂದಲೇ ಶುರು ಮಾಡಿ.

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು.

ನಮೋ ಬುದ್ಧಾಯ. ಜೈ ಭೀಮ್.